ಮಹಡಿ ಮನೆಯ ಒಡೆದ ಟೈಲ್ಸು

ಮಹಡಿ ಮನೆ ಖಾಲಿಯಾಗುವ ದಿನ ಮಾಲೀಕ ನೆಲ ನೋಡಲೆಂದು ಮೇಲೆ ಹತ್ತಿ ಬಂದ. ಅಚ್ಚುಕೂಟದಲ್ಲಿ ದುಡಿದು ನಿವೃತ್ತನಾದವನು. ಹೆಂಡತಿ ತೀರಿಕೊಂಡ ಮೇಲೆ ಕೆಳಮನೆಯಲ್ಲಿ ಒಬ್ಬನೇ ಇದ್ದ. ಮೇಲೆ ಬಾಡಿಗೆಗಿದ್ದವಳು ಬಟ್ಟೆ ಹೊಲಿಯುವವಳು. ಅವಳ ಹೊಲಿಗೆ ಮಿಷನ್ ಇದ್ದ ಕಡೆ ಟೈಲ್ಸು ಬಿರುಕು ಬಿಟ್ಟಿತ್ತು, ಒಂದು ಮೂಲೆ ಪುಡಿಪುಡಿ.

"ಏನಮ್ಮಾ ಇದು, ನೆಲಾನೋ, ಉತ್ತ ಹೊಲಾನೋ? ಅಡ್ವಾನ್ಸಲ್ಲಿ ಹಿಡ್ಕೋತೀನಿ ನೋಡು" ಎಂದವನು ರಿಪೇರಿ ಖರ್ಚನ್ನು ಬೇಕೆಂದೇ ದುಪ್ಪಟ್ಟು ಮಾಡಿ ಹೇಳಿದ.

ಅವಳು ಸುಮ್ಮನಿರುವ ಪೈಕಿಯಲ್ಲ. ನಲ್ಲಿ ಸೋರಿದರೂ ಸಾಕು, ಕೆಳಗಿಳಿದು ಬಂದು ಜಗಳ ತೆಗೆಯುತ್ತಿದ್ದಳು. ಜಗಳ ಮುಗಿಸಿ ಅವನು ಮಾಡಿದ ಟೀಯನ್ನೇ ಕುಡಿದು, ಅದಕ್ಕೂ ಒಂದು ಕೊಂಕು ತೆಗೆದು ಹೋಗುತ್ತಿದ್ದಳು. ಇವತ್ತೂ ಹಾಗೇ ಆಗುತ್ತದೆ, ಚೆನ್ನಾಗಿ ವಾದ ಮಾಡಿಸಿ, ಕೊನೆಗೆ "ಹೋಗ್ಲಿ ಬಿಡಮ್ಮ" ಎಂದು ಪೂರ್ತಿ ಹಣ ಕೊಟ್ಟುಬಿಡುವುದು ಎಂದು ಅವನು ಮನಸ್ಸಿನಲ್ಲೇ ಮಂಡಿಗೆ ತಿಂದಿದ್ದ.

"ಹಿಡ್ಕೊಳ್ಳಿ ಅಣ್ಣಾ. ಒಡೆದಿರೋದು ನನ್ನ ಮಿಷನ್ನೇ ಅಲ್ವಾ" ಎಂದಳು ಅವಳು. "ಕೆಳಗೆ ಗಾಡಿ ಕಾಯ್ತಿದೆ."

ಉಳಿದ ಹಣ ತೆಗೆದುಕೊಂಡು, ಬೀಗದ ಕೈ ಕೊಟ್ಟು ಇಳಿದೇ ಹೋದಳು. ಅವನು ಬೀಗದ ಕೈ ಹಿಡಿದು, ಗಾಡಿ ಹೊರಡುವುದನ್ನು ಕಿಟಕಿಯಿಂದ ನೋಡಿದ.

ಗಾರೆಯವನು ಬಂದು ಹೊಸ ಟೈಲ್ಸು ಕೂರಿಸಿದ. ಹಿಡಿದುಕೊಂಡಿದ್ದ ಹಣದಲ್ಲಿ ಅರ್ಧವೂ ಖರ್ಚಾಗಲಿಲ್ಲ. ಮಧ್ಯಾಹ್ನ ಉಣ್ಣಲು ಕುಳಿತರೆ ತಲೆಯ ಮೇಲೆ ಮಿಷನ್ನಿನ ಸದ್ದಿಲ್ಲ. ತಾನು ಅಗಿಯುವುದೇ ತನಗೆ ಕೇಳಿಸುತ್ತಿತ್ತು. ಕೊನೆಗೊಂದು ದಿನ ಅವಳು ಹೊಸದಾಗಿ ಹಾಕಿದ್ದ ಹೊಲಿಗೆ ಅಂಗಡಿ ಹುಡುಕಿಕೊಂಡು ಹೋದ.

"ಬನ್ನಿ ಅಣ್ಣಾ! ಏನಾದ್ರೂ ಹೊಲಿಸ್ಬೇಕಿತ್ತಾ?"

ಅವನು ಹಣ ಮುಂದಿಟ್ಟ. "ಜಾಸ್ತಿ ಹಿಡ್ಕೊಂಡಿದ್ದೆ. ನೀನು ಜಗಳಕ್ಕೆ ಬರ್ತೀಯ ಅಂದ್ಕೊಂಡಿದ್ದೆ."

ಅವಳು ಅವನ ಮುಖವನ್ನೇ ನೋಡಿದಳು. "ಅಯ್ಯೋ, ಅಣ್ಣಾ... ಅವತ್ತು ತುಂಬಾ ಅವಸರ ಇತ್ತು" ಎಂದು ಸ್ಟೂಲು ಎಳೆದು ಹಾಕಿದಳು. ಅಷ್ಟರಲ್ಲಿ ಯಾರೋ ಅಳತೆ ಕೊಡಲು ಬಂದರು, ಅವರ ಹಿಂದೆ ಇನ್ನಿಬ್ಬರು. ಅಂಗಡಿಯಲ್ಲಿ ಹೊಲಿಯುವ ಹೆಂಗಸರು ಏನೋ ಹೇಳಿ ನಕ್ಕರು, ಅವಳೂ ನಕ್ಕಳು. ಅವನು ಅವರ ಮಾತು ಕೇಳುತ್ತ ಸ್ವಲ್ಪ ಹೊತ್ತು ಕುಳಿತಿದ್ದು ಎದ್ದ. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿದ್ದ ಅವಳು ಕೈಯೆತ್ತಿ, ಮತ್ತೆ ಬನ್ನಿ ಎಂಬಂತೆ ಸನ್ನೆ ಮಾಡಿದಳು.

ಹೊರಗೆ ಅವನ ಬೀದಿಗೆ ಹೋಗುವ ಬಸ್ಸು ಬಂದು ನಿಂತಿತು. ಹತ್ತಲಿಲ್ಲ. ಅಷ್ಟು ಬೇಗ ಮನೆ ಸೇರುವುದು ಬೇಡವೆನಿಸಿ ನಡೆದೇ ಹೊರಟ.