ಇಳಿತದ ವಾಸನೆ

ಚಾರ್ಲ್ಸ್‌ಟನ್‌ನ ಸೇತುವೆ ಇಳಿಯುತ್ತಿದ್ದಂತೆ ಕರ್ಟಿಸ್ ಕಾರಿನ ಗಾಜು ಏರಿಸಿ ಮೂಗು ಹಿಡಿದುಕೊಂಡ.

"ಅಬ್ಬಬ್ಬಾ! ಒಂದು ಲಾರಿ ಕೊಳೆತ ಮೊಟ್ಟೆ ತಂದು ಇಲ್ಲೇ ಸುರಿದಿದಾರೇನ್ರೀ?"

ಹಿಂದಿನ ಸೀಟಿನಲ್ಲಿದ್ದ ಅವನ ಅತ್ತೆ ಯೂಲಾ ಗೆದರ್ಸ್ ಜೋರಾಗಿ ನಕ್ಕರು. "ಮೊಟ್ಟೆ ಅಲ್ಲಪ್ಪಾ, ಪ್ಲಫ್ ಕೆಸರು. ಸಮುದ್ರ ಇಳಿದಿದೆ, ಜೌಗು ಮೈ ಬಿಚ್ಚಿ ಮಲಗಿದೆ. ಓಹಾಯೋದಲ್ಲಿ ಬೆಳೆದ ನಿನಗೆ ಅದು ನಾತ, ನಮಗೆ ಅದೇ ಊರು."

"ನಿಮ್ಮ ಊರಿಗೆ ಒಂದು ಸ್ನಾನ ಬೇಕು, ಮಿಸ್ ಯೂಲಾ," ಎಂದ ಕರ್ಟಿಸ್. ಮದುವೆಯಾಗಿ ಇಪ್ಪತ್ತೆಂಟು ವರ್ಷವಾದರೂ ಅವನು ಅತ್ತೆಯನ್ನು ಹಾಗೇ ಕರೆಯುತ್ತಿದ್ದ.

ಅವನ ಪಕ್ಕದಲ್ಲಿದ್ದ ಯೂಲಾರ ಮಗಳು ವರ್ಲೀನ್, ಹಿಂದೆ ಕುಳಿತಿದ್ದ ಮೊಮ್ಮಗಳು ಇಮಾನಿ, ಎಲ್ಲರೂ ನಕ್ಕರು. ಯೂಲಾ ನಕ್ಕದ್ದು ಮಾತ್ರ ಲೆಕ್ಕಾಚಾರದ ನಗು. ಸಮುದ್ರ ಇಳಿದಿದ್ದನ್ನು ಅವರು ಕಣ್ಣಿನಿಂದ ಕಂಡಿದ್ದರು. ಮೂಗಿಗೆ ಏನೂ ಬಂದಿರಲಿಲ್ಲ. ಹದಿನೇಳು ತಿಂಗಳಿಂದ ಏನೂ ಬಂದಿರಲಿಲ್ಲ.

ಫಿಲಡೆಲ್ಫಿಯಾದ ಮನೆಯಲ್ಲಿ ಒಂದು ವಾರದ ಜ್ವರ ಬಂದು ಹೋಗಿತ್ತು. ಹೋಗುವಾಗ ವಾಸನೆಯನ್ನೂ ಕರೆದುಕೊಂಡು ಹೋಗಿತ್ತು. ನಾಲಿಗೆ ಉಪ್ಪು, ಹುಳಿ, ಸಿಹಿ, ಕಹಿ ಹೇಳುತ್ತಿತ್ತು, ಖಾರ ಸುಡುತ್ತಿತ್ತು. ಉಳಿದದ್ದೆಲ್ಲ ಒದ್ದೆ ಕಾಗದ. ಬರಬಹುದು, ಬರದೆಯೂ ಇರಬಹುದು ಎಂದಿದ್ದರು ಡಾಕ್ಟರು. ಆ ಡಾಕ್ಟರನ್ನು ಬಿಟ್ಟರೆ ಈ ಸಂಗತಿ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ನಲವತ್ತು ವರ್ಷ ಚರ್ಚಿನ ಭಾನುವಾರದ ಊಟಕ್ಕೆ ಸೌಟು ಹಿಡಿದ ಹೆಂಗಸು ನನಗೆ ಮೂಗಿಲ್ಲ ಎಂದು ಯಾರ ಮುಂದೆ ಹೇಳಬೇಕು?

ಅದರ ಮೇಲೆ ಮೊಮ್ಮಗಳ ಮದುವೆ. ಅಕ್ಟೋಬರ್‌ನಲ್ಲಿ ಇಮಾನಿಯ ಮದುವೆಗೆ ನೂರನಲವತ್ತು ಜನಕ್ಕೆ ಕೆಂಪನ್ನ ಮಾಡಿಕೊಡುತ್ತೇನೆ ಎಂದು ಯೂಲಾ ಮೂರು ವರ್ಷದ ಹಿಂದೆಯೇ ಮಾತು ಕೊಟ್ಟಿದ್ದರು. ಟೊಮೆಟೊ, ಈರುಳ್ಳಿ, ಹೊಗೆ ಹಾಕಿದ ಹಂದಿಮಾಂಸದ ಕೊಬ್ಬಿನಲ್ಲಿ ಬೇಯುವ ಆ ಅನ್ನಕ್ಕೆ ಅವರ ಮನೆತನದಲ್ಲಿ ಗಡಿಯಾರ ನೋಡಿದವರಿಲ್ಲ. ತಳ ಹಿಡಿಯಬೇಕು, ಸೀಯಬಾರದು. ಎರಡರ ನಡುವೆ ಇರುವುದು ಒಂದೇ ನಿಮಿಷ. ಆ ನಿಮಿಷಕ್ಕೊಂದು ವಾಸನೆಯಿದೆ, ಅದು ಬಂದಾಗ ಒಲೆ ಆರಿಸಬೇಕು. ಅಮ್ಮ ಕಲಿಸಿದ್ದು ಅಷ್ಟೇ.

ಈ ಪ್ರವಾಸ ಇಮಾನಿಯ ಯೋಜನೆ. ಸೋಮವಾರ ರಜೆ, ಅಜ್ಜಿ ಹತ್ತೊಂಬತ್ತರ ವಯಸ್ಸಿನಲ್ಲಿ ಬಿಟ್ಟ ಊರನ್ನು ಅಜ್ಜಿಯ ಜೊತೆಗೇ ನೋಡಬೇಕು, ಅಲ್ಲಿಯ ಅಡುಗೆಯನ್ನು ಅಜ್ಜಿಯ ನಾಲಿಗೆಯಿಂದ ಅಳೆದು ಬರೆದುಕೊಳ್ಳಬೇಕು. ಅದಕ್ಕೆಂದೇ ಹಸಿರು ರಟ್ಟಿನ ಒಂದು ಪುಸ್ತಕ ತಂದಿದ್ದಳು.

ಶುಕ್ರವಾರ ಸಂಜೆ ಏಡಿಯ ಸಾರು. "ಹೇಗಿದೆ ಅಜ್ಜಿ?" ಪೆನ್ನು ಸಿದ್ಧವಾಗಿತ್ತು.

"ಉಪ್ಪು ಹದ. ಕೆನೆ ಸ್ವಲ್ಪ ಜಾಸ್ತಿ. ನಮ್ಮಮ್ಮ ಇಷ್ಟು ಶ್ರೀಮಂತಳಾಗಿರಲಿಲ್ಲ."

ಶನಿವಾರ ಬೆಳಿಗ್ಗೆ ಸೀಗಡಿ, ಮೆಕ್ಕೆಜೋಳದ ಗಂಜಿ. "ಸೀಗಡಿ ನಿನ್ನೆ ರಾತ್ರಿ ನೀರಲ್ಲಿದ್ದದ್ದು, ಬರ್ಕೋ." ಮಾರುಕಟ್ಟೆಯಲ್ಲಿ ಎಳ್ಳಿನ ಬಿಸ್ಕತ್ತು. "ಎಳ್ಳು ಇನ್ನೊಂದು ಸುತ್ತು ಹುರೀಬೇಕಿತ್ತು." ಹೇಳಿದ್ದೆಲ್ಲ ಗರಿಗರಿ ಶಬ್ದ ಕೇಳಿ, ಬಣ್ಣ ನೋಡಿ, ಅರವತ್ತು ವರ್ಷದ ಅನುಭವದಿಂದ ತೆಗೆದ ಊಹೆ. ಇಮಾನಿ ಒಂದೂ ಬಿಡದೆ ಬರೆದಳು. ಪುಟ ತುಂಬಿದಂತೆಲ್ಲ ಯೂಲಾ ಆ ಪುಸ್ತಕದ ಕಡೆ ನೋಡುವುದನ್ನೇ ಬಿಟ್ಟರು.

ಮಧ್ಯಾಹ್ನ ಒಂದು ಸಣ್ಣ ಹೋಟೆಲಿನಲ್ಲಿ ಕೆಂಪನ್ನವೇ ಬಂತು. ಮೂವರೂ ಚಮಚ ಎತ್ತದೆ ಅವರ ಮುಖ ನೋಡುತ್ತ ಕುಳಿತರು. ಅನ್ನ ಉದುರುದುರಾಗಿತ್ತು, ನಡುವೆ ಕಂದು ಬಣ್ಣದ ಸಣ್ಣ ತುಣುಕುಗಳು. ಯೂಲಾ ಒಂದು ತುಣುಕನ್ನು ಅಗಿದು ಕಣ್ಣು ಮುಚ್ಚಿದರು.

"ಇದು ಮನೆ ಅನ್ನ. ಮೊದಲು ಹಂದಿಮಾಂಸ ಹುರಿದು, ಅದರ ಕೊಬ್ಬಲ್ಲೇ ಈರುಳ್ಳಿ ಹಾಕಿದಾರೆ. ಹೊಗೆ ಎಷ್ಟು ಚೆನ್ನಾಗಿ ಹಿಡಿದಿದೆ! ನಮ್ಮಮ್ಮನ ಕೈ."

ನೀರು ಬಡಿಸುತ್ತಿದ್ದ ಹೆಂಗಸು ಜಗ್ಗನ್ನು ಮೇಜಿನ ಮೇಲಿಟ್ಟಳು. ಐವತ್ತರ ಆಚೀಚೆ, ಮಾತಿನಲ್ಲಿ ಅಲ್ಲಿಯ ಕರಾವಳಿ ದ್ವೀಪಗಳ ಎಳೆತ.

"ಹೊಗಳಿದ್ದಕ್ಕೆ ಸಂತೋಷ, ಮೇಡಂ. ಆದ್ರೆ ನಮ್ಮ ಅಡುಗೆಮನೆ ಹೊಸಿಲನ್ನ ಹಂದಿ ದಾಟಿಲ್ಲ. ಯಜಮಾನ್ರು ಮುಸ್ಲಿಮರು. ನೀವು ಅಗಿದದ್ದು ಅಣಬೆ. ಕಡಲೆಕಾಯಿ ಎಣ್ಣೇಲಿ ಹುರಿದದ್ದು."

"ಹೊಗೆ?" ಎಂದಳು ವರ್ಲೀನ್.

"ಹೊಗೆ ಎಲ್ಲಿಂದ ಬರ್ಬೇಕು, ತಾಯಿ? ಗ್ಯಾಸ್ ಒಲೆ."

ಅವಳು ಅಡುಗೆಮನೆಗೆ ಹೋದಳು. ಕರ್ಟಿಸ್ ತನ್ನ ತಟ್ಟೆಯಿಂದ ಒಂದು ಅಣಬೆ ಎತ್ತಿ, ಮೂಸಿ, ಮತ್ತೆ ಇಟ್ಟ. ಯೂಲಾ ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿದರು, ಬಿಚ್ಚಿದರು. ಇನ್ನೊಂದು ಸುಳ್ಳು ಹೇಳಲು ಆಗುತ್ತಿತ್ತು. ಹೇಳಿದರೆ ಅದನ್ನೂ ಇಮಾನಿ ಪುಸ್ತಕದಲ್ಲಿ ಬರೆಯುತ್ತಾಳೆ.

"ನನಗೆ ವಾಸನೆ ಬರಲ್ಲ," ಎಂದರು. "ಹೋದ ವರ್ಷದ ಜ್ವರದಿಂದ. ಒಂದು ಚೂರೂ ಬರಲ್ಲ."

ವರ್ಲೀನ್‌ಳ ಬಾಯಿ ತೆರೆದೇ ಇತ್ತು. "ಈಸ್ಟರ್ ದಿನ ಪಾತ್ರೆ ಸೀದು ಇದ್ದಿಲಾಯ್ತಲ್ಲ..."

"ಒಲೆ ತಪ್ಪಲ್ಲ."

"ಅಮ್ಮಾ! ಆ ಒಲೆ ಮಾರಿದವನಿಗೆ ಎರಡು ಸಲ ಫೋನ್ ಮಾಡಿ ಬೈದಿದೀನಿ ನಾನು! ಪಾಪ, ಅವನು ಕ್ಷಮೆ ಬೇರೆ ಕೇಳ್ದ!"

ಕರ್ಟಿಸ್‌ಗೆ ನಗು ಬಂತು, ಮಗಳ ಮುಖ ನೋಡಿ ನುಂಗಿಕೊಂಡ. ಇಮಾನಿ ಹಸಿರು ಪುಸ್ತಕದ ಪುಟ ತಿರುವುತ್ತಿದ್ದಳು. "ಹಾಗಾದ್ರೆ ಇದರಲ್ಲಿರೋದೆಲ್ಲ?"

"ಉಪ್ಪಿನ ವಿಷಯ ನಿಜ," ಎಂದರು ಯೂಲಾ.

ಇಮಾನಿ ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿದಳು.

ಊಟದ ನಂತರ ಊರು ನೋಡುವುದು ನಿಲ್ಲಲಿಲ್ಲ. ಬಂದದ್ದು ಅದಕ್ಕೆ, ನೋಡಿದರು. ಕುದುರೆಗಾಡಿಗಳ ಹಿಂದೆ ನಡೆದರು, ಸಮುದ್ರದ ಗೋಡೆಯ ಮೇಲೆ ನಿಂತು ಚಿತ್ರ ತೆಗೆಸಿಕೊಂಡರು. ಹುಲ್ಲಿನ ಬುಟ್ಟಿ ಹೆಣೆಯುತ್ತಿದ್ದ ಮುದುಕಿ ಒಂದು ಬುಟ್ಟಿ ಎತ್ತಿ "ಮೂಸಿ ನೋಡಕ್ಕಾ, ಈ ವಾರದ ಹುಲ್ಲು" ಎಂದಾಗ ಯೂಲಾ ಮೂಸಿದಂತೆ ಮಾಡಲಿಲ್ಲ, "ನನಗೆ ಬರಲ್ಲಮ್ಮ" ಎಂದರು. ಹದಿನೇಳು ತಿಂಗಳಲ್ಲಿ ಅಪರಿಚಿತರಿಗೆ ಅದನ್ನು ಹೇಳಿದ್ದು ಮೊದಲ ಸಲ. ಮುಂದೆ ನಡೆಯುತ್ತಿದ್ದ ಇಮಾನಿಯ ಹೆಜ್ಜೆ ಒಂದು ಕ್ಷಣ ನಿಧಾನವಾಯಿತು.

ಅಮೆರಿಕಾ ಸ್ಟ್ರೀಟಿನಲ್ಲಿ ಯೂಲಾ ಹುಟ್ಟಿದ ಮನೆ ಇನ್ನೂ ಇತ್ತು. ಯಾರೋ ಅದಕ್ಕೆ ಪಿಸ್ತಾ ಬಣ್ಣ ಬಳಿದಿದ್ದರು. ಮನೆಯ ಮಗ್ಗುಲಿನ ಜಗಲಿಯ ಚಾವಣಿ ಮಾತ್ರ ಹಳೆಯ ತಿಳಿನೀಲಿ. ದೆವ್ವಗಳು ಅದನ್ನು ನೀರೆಂದುಕೊಂಡು ದಾಟುವುದಿಲ್ಲ ಎಂದು ಅಲ್ಲಿಯವರ ನಂಬಿಕೆ.

"ಮೇಲಿನ ಜಗಲಿಯಲ್ಲಿ ಅಮ್ಮ ಅಡುಗೆ ಮಾಡ್ತಿದ್ಳು," ಎಂದರು ಯೂಲಾ. "ಬೀದೀಲಿ ಹೋಗೋರು ಮೂಗಲ್ಲೇ ಇವತ್ತು ಯಾವ ವಾರ ಅಂತ ಹೇಳ್ತಿದ್ರು."

"ಯಾಕೆ ಹೇಳ್ಲಿಲ್ಲ ಅಜ್ಜಿ?" ಇಮಾನಿ ತಿರುಗಿ ನಿಂತಿದ್ದಳು. "ನನಗಾದ್ರೂ ಹೇಳ್ಬಹುದಿತ್ತು."

"ಹೇಳಿದ್ರೆ ನೀನು ಬೇರೆ ಅಡುಗೆಯವರನ್ನ ಗೊತ್ತು ಮಾಡ್ತಿದ್ದೆ."

"ಹೌದು, ಮಾಡ್ತಿದ್ದೆ."

"ಅದಕ್ಕೇ."

ಕಾರು ಹತ್ತುವಾಗ ಇಮಾನಿ ಅಜ್ಜಿಯ ಕೈ ಹಿಡಿದು ಕೂರಿಸಿದಳು.

ಬಾಡಿಗೆಗೆ ಹಿಡಿದಿದ್ದ ಮನೆ ನದಿಯಾಚೆ ಜೇಮ್ಸ್ ಐಲೆಂಡಿನಲ್ಲಿತ್ತು. ಕರ್ಟಿಸ್ ಗಾಜು ಏರಿಸಿ ಎಸಿ ಹಾಕಿದ. ಯೂಲಾಗೆ ತೂಕಡಿಕೆ ಬಂತು. ಅಕ್ಟೋಬರ್‌ನಲ್ಲಿ ಬೇರೆಯವರು ಬಡಿಸುವ ಅನ್ನ, ತಾನು ಮೊದಲ ಸಾಲಿನಲ್ಲಿ ಟೋಪಿ ಹಾಕಿ ಕೂತ ಅತಿಥಿ. ಅರೆನಿದ್ದೆಯಲ್ಲಿ ಅದೇ ಕಾಣುತ್ತಿತ್ತು. ಆ ಟೋಪಿಯ ಅಂಚಿನಿಂದ ಏನೋ ಒಳಗೆ ತೂರಿತು. ಮೂಗಿನ ಬುಡದಲ್ಲಿ ಚುರ್ರೆಂದಿತು.

"ಯಾರು ಕಿಟಕಿ ತೆಗೆದಿದ್ದು?" ಎಂದರು, ಕಣ್ಣು ತೆರೆಯದೆ.

"ನಾನು, ಎರಡು ಬೆರಳಷ್ಟು," ಎಂದಳು ಇಮಾನಿ. "ಯಾಕಜ್ಜಿ?"

"ಮುಚ್ಚು, ನಾತ..."

ಮಾತು ಅಲ್ಲೇ ನಿಂತಿತು. ಯೂಲಾ ಕಣ್ಣು ಬಿಟ್ಟರು. ವರ್ಲೀನ್ ಮುಂದಿನ ಸೀಟಿನಿಂದ ಇಡೀ ದೇಹ ತಿರುಗಿಸಿದಳು.

"ಏನಂದ್ರಿ ಅಮ್ಮಾ?"

"ಸಮುದ್ರ ಇಳಿದಿದೆ," ಎಂದರು ಯೂಲಾ. "ಕರ್ಟಿಸ್, ನಿಲ್ಸು. ಕಾರು ನಿಲ್ಸಪ್ಪಾ!"

ದೋಣಿ ಇಳಿಸುವ ಕಟ್ಟೆಯ ಬಳಿ ಅವನು ಕಾರು ನಿಲ್ಲಿಸಿದ. ಎರಡೂ ಕಡೆ ಜೌಗು, ಹುಲ್ಲಿನ ಬುಡದವರೆಗೆ ಹೊಳೆಯುವ ಕಪ್ಪು ಕೆಸರು. ಕರ್ಟಿಸ್ ಮೊದಲು ಫೋನು ತೆಗೆದ. "ಇವತ್ತಿನ ಇಳಿತ ಐದೂ ನಲವತ್ತೊಂದು. ಈಗ ಐದೂ ಮೂವತ್ತೆಂಟು."

"ಅಂದ್ರೆ ಬಂತು!" ಎಂದಳು ವರ್ಲೀನ್.

ಕರ್ಟಿಸ್ ಪ್ರೌಢಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುವವನು. "ತಾಳು, ತಾಳು. ನಿನ್ನೆ ಹೆಚ್ಚೂಕಮ್ಮಿ ಇದೇ ಹೊತ್ತಿಗೆ ನಾನೇ ನಾತ ಅಂತ ಕೂಗಿದ್ದೆ. ಮಿಸ್ ಯೂಲಾಗೆ ಅದು ನೆನಪಲ್ಲಿ ಇದ್ದಿರಬಹುದು. ಒಂದು ಸಲ ಆದದ್ದು ಸಾಕ್ಷಿ ಆಗಲ್ಲ."

"ಅಮ್ಮನ ಮೂಗಿಗೂ ಪರೀಕ್ಷೆ ಇಡ್ತೀರಾ?"

"ಇಡಲಿ ಬಿಡು," ಎಂದರು ಯೂಲಾ. ಅವರಿಗೂ ಅದೇ ಭಯವಿತ್ತು.

ಕಾರಿನಲ್ಲಿ ಮೂರು ಕಾಗದದ ಲೋಟಗಳಿದ್ದವು. ಒಂದರಲ್ಲಿ ಉಳಿದ ಕಾಫಿ, ಇನ್ನೊಂದರಲ್ಲಿ ಕೈ ತೊಳೆಯುವ ದ್ರಾವಣ ಸುರಿದದ್ದಾಯಿತು. ಮೂರನೆಯದಕ್ಕೆ ಕೆಸರು ತರಲು ಕರ್ಟಿಸ್ ಕಟ್ಟೆ ಇಳಿದ. ಎರಡನೆಯ ಹೆಜ್ಜೆಗೆ ಮೊಣಕಾಲಿನವರೆಗೆ ಹೂತ. ಕಾಲು ಬಂತು, ಬೂಟು ಬರಲಿಲ್ಲ.

"ಬೂಟು ಬಿಟ್ಬಿಡು," ಕೂಗಿದರು ಯೂಲಾ. "ಅದು ಒಮ್ಮೆ ತಗೊಂಡಿದ್ದನ್ನ ವಾಪಸ್ ಕೊಡಲ್ಲ!"

ವರ್ಲೀನ್‌ಳ ರೇಷ್ಮೆ ವಸ್ತ್ರದಿಂದ ಕಣ್ಣು ಕಟ್ಟಿದರು. ಇಮಾನಿ ಲೋಟಗಳನ್ನು ಅದಲುಬದಲು ಮಾಡಿ ಮಾಡಿ ಮೂಗಿನ ಕೆಳಗೆ ಹಿಡಿದಳು. ಕಾಫಿಗೆ ಯೂಲಾ ತಲೆಯಾಡಿಸಿದರು: ಇಲ್ಲ. ದ್ರಾವಣಕ್ಕೆ: ಏನೋ ಚುಚ್ಚುತ್ತೆ, ವಾಸನೆಯಿಲ್ಲ. ಕೆಸರಿಗೆ: "ಇದು." ಮತ್ತೆ ಅದಲುಬದಲು ಮಾಡಿದಳು. "ಇದು." ಐದು ಸಲ ಕೆಸರು ಬಂತು, ಐದೂ ಸಲ ಹೇಳಿದರು. ಕೊನೆಗೆ ಲೋಟವನ್ನು ಕೈಯಿಂದ ಕಿತ್ತುಕೊಂಡು ಮೂಗನ್ನೇ ಒಳಗಿಟ್ಟರು. ಕಣ್ಣಿನ ವಸ್ತ್ರ ಒದ್ದೆಯಾಗಿತ್ತು.

"ಐದಕ್ಕೆ ಐದು," ಎಂದ ಕರ್ಟಿಸ್, ಒಂದೇ ಬೂಟಿನಲ್ಲಿ ನಿಂತು.

"ಬೆಣ್ಣೆ ಕೊಡ್ಲಿಲ್ಲ, ಈರುಳ್ಳಿ ಕೊಡ್ಲಿಲ್ಲ," ಎಂದರು ಯೂಲಾ, ಅಳುತ್ತ, ನಗುತ್ತ. "ಜೀವಮಾನವಿಡೀ ಅಡುಗೆ ಮಾಡಿದೋಳಿಗೆ ದೇವರು ಮೊದಲು ವಾಪಸ್ ಕೊಟ್ಟಿದ್ದು ಕೊಳೆತ ಕೆಸರು!"

"ಆದಮನನ್ನೂ ಮಣ್ಣಿಂದ್ಲೇ ಅಲ್ವಾ ಮಾಡಿದ್ದು," ಎಂದಳು ವರ್ಲೀನ್. "ನಿಮ್ಮನ್ನೂ ಮೊದಲಿಂದ ಶುರು ಮಾಡಿದಾನೆ."

ಭಾನುವಾರ ಬೆಳಿಗ್ಗೆ ಯೂಲಾ ಎಲ್ಲರಿಗಿಂತ ಮುಂಚೆ ಎದ್ದು ಕಾಫಿ ಡಬ್ಬಿ ಮೂಸಿದರು. ಏನೂ ಇಲ್ಲ. ಸಾಬೂನು, ಮೆಣಸು, ತಲೆದಿಂಬು. ಇಲ್ಲ. ನಿನ್ನೆಯ ಸಂತೋಷ ಜಾರುವುದರೊಳಗೆ ಅವರು ಅಕ್ಕಿ ತೊಳೆದು ಬಟ್ಟೆಯ ಮೇಲೆ ಹರಡಿದರು.

ಇಮಾನಿ ಎದ್ದು ಬಂದಾಗ ಹಂದಿಮಾಂಸ ಚಟಪಟ ಎನ್ನುತ್ತಿತ್ತು.

"ಪುಸ್ತಕ ತಗೊಂಡ್ಬಾ," ಎಂದರು ಯೂಲಾ. "ಹಳೇದೆಲ್ಲ ಹೊಡೆದುಹಾಕು. ಕೈ ನನ್ದು, ಮೂಗು ನಿನ್ದು."

"ನನಗೇನು ಗೊತ್ತಾಗುತ್ತೆ ಅಜ್ಜಿ?"

"ನಿನಗೆ ಗೊತ್ತಾಗಬೇಕಿಲ್ಲ. ಏನು ಬರುತ್ತೋ ಹೇಳು. ಅದರ ಅರ್ಥ ನನಗೆ ಗೊತ್ತು."

ಈರುಳ್ಳಿ ಬಿತ್ತು, ಟೊಮೆಟೊ ಬಿತ್ತು, ಅಕ್ಕಿ ಬಿತ್ತು. ಮುಚ್ಚಳ ಹಾಕಿ ಉರಿ ಇಳಿಸಿದರು. ಇಮಾನಿ ಒಲೆಯ ಪಕ್ಕ ಮುಕ್ಕಾಲಿ ಹಾಕಿಕೊಂಡು ಕುಳಿತಳು.

"ಈಗ?"

"ಟೊಮೆಟೊ. ಹಸಿ ಹಸಿ."

ಸ್ವಲ್ಪ ಹೊತ್ತು ಬಿಟ್ಟು, "ಈಗ?"

"ಸಿಹಿ ಥರ. ಹಸಿ ಹೋಯ್ತು."

"ಬರ್ಕೋ. ಈಗ?"

"ಅದೇ ಸಿಹಿ... ತಾಳಜ್ಜಿ. ಅಪ್ಪನ ಟೋಸ್ಟ್ ಥರ. ಅಂಚು ಕಪ್ಪಾಗಕ್ಕೆ ಮುಂಚೆ ಬರುತ್ತಲ್ಲ, ಅದು."

"ಆರ್ಸು!"

ಇಮಾನಿ ಒಲೆ ಆರಿಸಿದಳು. ಹತ್ತು ನಿಮಿಷ ಬಿಟ್ಟು ಯೂಲಾ ಸೌಟನ್ನು ತಳಕ್ಕೆ ಕೊಟ್ಟರು. ತಳ ಹಿಡಿದ ಅನ್ನ ಹಲಗೆಯಂತೆ ಎದ್ದುಬಂತು, ಕೆಂಪುಗಂದು ಬಣ್ಣ, ಎಲ್ಲೂ ಕಪ್ಪಿಲ್ಲ. ಮುರಿದು ನಾಲ್ಕು ಪಾಲು ಮಾಡಿದರು. ಯೂಲಾರ ಬಾಯಲ್ಲಿ ಅದು ಉಪ್ಪು, ಹುಳಿ, ಒಂದಿಷ್ಟು ಗರಿಗರಿ; ಅದಕ್ಕಿಂತ ಹೆಚ್ಚೇನಿಲ್ಲ. ವರ್ಲೀನ್ ಮಾತ್ರ ಒಂದು ತುತ್ತಿಗೇ ಚಮಚ ಕೆಳಗಿಟ್ಟಳು.

"ಇದು ನಮ್ಮಜ್ಜಿಯ ಅನ್ನ," ಎಂದಳು.

"ಅಕ್ಟೋಬರ್‌ನಲ್ಲೂ ಹೀಗೇನಾ?" ಇಮಾನಿ ಕೇಳಿದಳು. "ಮದುಮಗಳ ಬಟ್ಟೇಲಿ ಒಲೆ ಹತ್ರ ಕೂತ್ಕೊಳ್ಲಾ?"

"ಮೇಲೊಂದು ಏಪ್ರನ್ ಕಟ್ಕೋ."

"ಬೇರೆ ಅಡುಗೆಯವರು?"

"ಅವರಿಗೆ ಕೋಳಿ ಕೊಡು. ಅನ್ನ ಮುಟ್ಟಕ್ಕೆ ಬಿಡ್ಬೇಡ."

ಎರಡು ಗಂಟೆಗೆ ಹೊರಡಬೇಕೆಂದು ಕರ್ಟಿಸ್ ಹಿಂದಿನ ವಾರವೇ ತೀರ್ಮಾನಿಸಿದ್ದ. ಸೋಮವಾರ ರಸ್ತೆ ತುಂಬಿರುತ್ತದೆ. ಊಟ ಮುಗಿದ ಮೇಲೆ, ಹೊಸ ಅಗ್ಗದ ಚಪ್ಪಲಿ ಮೆಟ್ಟಿ, ಎರಡು ಕೈಯಲ್ಲಿ ಎರಡು ಪೆಟ್ಟಿಗೆ ಹಿಡಿದು ಅವನು ಬಾಗಿಲಿಗೆ ಬಂದ. ಯೂಲಾ ಜಗಲಿಯ ಕುರ್ಚಿಯಲ್ಲಿ ಕುಳಿತು ಜೌಗಿನ ಕಡೆ ನೋಡುತ್ತಿದ್ದರು. ನೀರು ತುಂಬಿ ಹುಲ್ಲಿನ ತುದಿಗಳಷ್ಟೇ ಕಾಣುತ್ತಿದ್ದವು.

"ಕರ್ಟಿಸ್, ಇವತ್ತು ಇಳಿತ ಎಷ್ಟೊತ್ತಿಗಪ್ಪಾ?"

"ಆರೂ ಮೂವತ್ತೆರಡಕ್ಕೆ," ಎಂದ ಅವನು. ಫೋನು ಜೇಬಿನಲ್ಲೇ ಇತ್ತು.

ಆಮೇಲೆ ಎರಡೂ ಪೆಟ್ಟಿಗೆಗಳನ್ನು ವಾಪಸ್ ಒಳಗೆ ಒಯ್ದಿಟ್ಟ.