ಏಳನೆಯ ರುಜು

"ಇದು ಹೆಸರಲ್ಲ ಕಣಮ್ಮ." ಗುಮಾಸ್ತ ಸದಾಶಿವಯ್ಯ ಅರ್ಜಿಯನ್ನು ಮೇಜಿನ ಈಚೆಗೆ ತಳ್ಳಿದರು. "ರಾಜ್ಯ ಒಂದಾದ್ಮೇಲೆ ಎಲ್ಲ ಹೊಸ ಫಾರಂ. ಏಳು ಜನ ರುಜು ಹಾಕ್ಬೇಕು. ಏಳನೇದು ನೋಡಿ, 'ನಜೀರನ ತಾಯಿ'. ನಮ್ಮನೇಲೂ ಅಶ್ವತ್ಥನ ತಾಯಿ ಅಂತ ಒಬ್ಳು ಇದ್ದಾಳೆ. ಸರ್ಕಾರ ಒಪ್ಕೊಳ್ಳುತ್ಯೇ?"

ಖೈರುನ್ನೀಸಾ ಬುರ್ಖಾದೊಳಗೆ ಬೆವರಿದಳು. ಮಂಡಿ ಮೊಹಲ್ಲಾದ ಹೆಂಗಸರ ಅಂಜುಮನ್ ಸಂಜೆ ಐದರೊಳಗೆ ನೋಂದಣಿಯಾಗದಿದ್ದರೆ, ಅವರಿಗೆಂದು ಗೊತ್ತುಮಾಡಿದ್ದ ಕೋಣೆ ಬೇರೆ ಸಂಘದ ಪಾಲಾಗುತ್ತಿತ್ತು. ಮೂರು ಹೊಲಿಗೆ ಯಂತ್ರ, ಒಂದು ಕಪ್ಪು ಹಲಗೆ ಮುಂದೆಯೂ ಅವಳ ಅತ್ತಿಗೆಯ ಹಜಾರದಲ್ಲೇ ಉಳಿಯುತ್ತಿದ್ದವು. ಅಲ್ಲಿ ಮನೆಗೆ ಗಂಡಸರು ಬಂದಾಗಲೆಲ್ಲ ಪಾಠ ನಿಲ್ಲುತ್ತಿತ್ತು. ಬೇರೊಬ್ಬಳನ್ನು ಹುಡುಕುವಂತೆಯೂ ಇರಲಿಲ್ಲ. ಇಪ್ಪತ್ತು ಮನೆ ಹತ್ತಿಳಿದ ಮೇಲೆ ಸಿಕ್ಕಿದ್ದವರೇ ಈ ಏಳು ಜನ.

ಜಟಕಾದಲ್ಲಿ ಕೂತು ಮತ್ತೆ ಅರ್ಜಿ ಬಿಡಿಸಿ ನೋಡಿದಳು. ಪಟ್ಟಿ ಬರೆದವಳು ತಾನೇ. ಎರಡು ವರ್ಷ ಹಾಜರಿ ಕೂಗಿದವಳೂ ತಾನೇ. "ನಜೀರನ ತಾಯಿ?" "ಇದ್ದೀನಿ ಆಪಾ." ಕಾಲೇಜು ಓದಿದ ತನಗೆ ಒಂದು ದಿನವೂ ಆಕೆಯ ಹೆಸರು ಕೇಳಬೇಕೆನಿಸಿರಲಿಲ್ಲ.

ನಜೀರನ ತಾಯಿ ನಡುಮನೆಯಲ್ಲಿ ಮಣೆ ಮುಂದಿಟ್ಟುಕೊಂಡು ಊದುಬತ್ತಿ ಹೊಸೆಯುತ್ತಿದ್ದಳು. ಮೊಣಕೈವರೆಗೂ ಇದ್ದಿಲ ಪುಡಿ. ಮಂಚದ ಮೇಲೆ ಅಡಿಕೆ ಕತ್ತರಿಸುತ್ತಿದ್ದ ಆಕೆಯ ಅತ್ತೆ, ಅರ್ಜಿಗೆ ಸೊಸೆಯ ಹೆಸರು ಬೇಕೆಂಬುದು ಕಿವಿಗೆ ಬಿದ್ದದ್ದೇ ತಡ, "ಮುಖಕ್ಕೆ ಪರದೆ ಬೇಕು, ಹೆಸರಿಗೆ ಬ್ಯಾಡ್ವಾ? ಕಚೇರಿ ಗಂಡಸ್ರೆಲ್ಲ ಓದ್ಲಿ ಅಂತೀಯಾ?" ಎಂದಳು. "ಹೊಲಿಗೆ ಕಲಿಸ್ತೀನಿ ಅಂತ ಬಂದು ಮನೆ ಮಾನಾನೇ ಕತ್ತರಿಸ್ಬುಟ್ಯಲ್ಲ!"

ಇದೇ ಮಾತಿಗೆ ಮನೆ ಮನೆಯಲ್ಲೂ ಉತ್ತರ ಹೇಳಿ ಖೈರುನ್ನೀಸಾಗೆ ಸಾಕಾಗಿತ್ತು.

ನಜೀರನ ತಾಯಿ ತಲೆ ಎತ್ತಲಿಲ್ಲ. "ನಿಕಾಹ್ ದಿನ ಖಾಜಿ ಸಾಹೇಬ್ರು ಅಷ್ಟೊಂದು ಗಂಡಸ್ರ ಮುಂದೆ ಗಟ್ಟಿಯಾಗಿ ಓದಿದ್ರಲ್ಲ ಅಮ್ಮಾ, ನನ್ನ ಹೆಸರನ್ನ."

"ಅದು ನಿಕಾಹ್ ಕಣೇ!"

"ಹೂಂ. ಆಮೇಲೆ ಯಾರೂ ಕೂಗ್ಲಿಲ್ಲ. ಆಪಾನೂ ಕೂಗ್ಲಿಲ್ಲ."

ಅಡಕತ್ತರಿಯ ಸದ್ದು ನಿಂತಿತು.

ಖೈರುನ್ನೀಸಾ ನೆಲದ ಮೇಲೆ ಕೂತಳು. "ಏನು ನಿಮ್ಮ ಹೆಸರು?"

"ಹಲೀಮಾ." ಯಾರದೋ ಹೆಸರು ಹೇಳಿದಂತಿತ್ತು. "ಆದ್ರೆ ಬರೆಯೋಕೆ ಬರಲ್ಲ. ನಂಗೆ ಬರೋದು 'ನಜೀರನ ತಾಯಿ' ಅನ್ನೋ ಆ ಎರಡು ಮಾತು ಅಷ್ಟೇ."

ಮಣೆಯ ಮೇಲಿನ ಕರಿಪುಡಿಯನ್ನು ಅಂಗೈಯಿಂದ ಸಪಾಟು ಮಾಡಿ ಖೈರುನ್ನೀಸಾ ಬೆರಳಿನಿಂದ ಮೂರು ಅಕ್ಷರ ಬರೆದಳು. ಹಲೀಮಾ ಅದರ ಕೆಳಗೆ ತಿದ್ದಿದಳು. ಅಳಿಸಿದಳು. ಮತ್ತೆ ತಿದ್ದಿದಳು. 'ಹ' ಪ್ರತಿಸಲ ಒಂದೊಂದು ಕಡೆಗೆ ವಾಲುತ್ತಿತ್ತು. ಹೊರಗೆ ಜಟಕಾದವನು ಎರಡು ಸಲ ಕೂಗಿದ. ಕೊನೆಗೆ ಹಲೀಮಾ ಸೆರಗಿಗೆ ಕೈಯೊರೆಸಿಕೊಂಡು ಪೆನ್ನು ಹಿಡಿದು, ಉಸಿರು ಬಿಗಿಹಿಡಿದು ಅರ್ಜಿಯ ಮೇಲೆ ಬರೆದಳು. ಹೆಸರಿನ ಪಕ್ಕದಲ್ಲೇ ಹೆಬ್ಬೆರಳಿನ ಕಪ್ಪು ಮೂಡಿತು.

ಈ ಕಲೆಗೂ ಸದಾಶಿವಯ್ಯ ಏನಾದರೂ ಅಂದರೆ? ಖೈರುನ್ನೀಸಾ ಕಾಗದ ಆರಲೆಂದು ಗಾಳಿಗೆ ಹಿಡಿದು ಬಾಗಿಲಿಗೆ ಬಂದಳು. ನಾಲ್ಕು ದಾಟಿತ್ತು.

"ಅಳಿಸಿ ಅದ್ರಲ್ಲೇ ಹೊಸೀಬಾರ್ದಾ?" ಹಿಂದಿನಿಂದ ಅತ್ತೆಯ ದನಿ ಕೇಳಿತು.

ಖೈರುನ್ನೀಸಾ ತಿರುಗಿ ನೋಡಿದಳು. ಪುಡಿಯಲ್ಲಿ ಬರೆದ ಹೆಸರು ಕೆಡದಂತೆ ಎರಡೂ ಕೈಯಲ್ಲಿ ಮಣೆ ಎತ್ತಿ ಹಲೀಮಾ ಗೂಡಿನಲ್ಲಿಟ್ಟಳು. ಆಮೇಲೆ ಅಡುಗೆಮನೆಯಿಂದ ಬೇರೊಂದು ಮಣೆ ತಂದು, ಕಡ್ಡಿ ಕೈಗೆತ್ತಿಕೊಂಡಳು.