ಎದ್ದು ನಿಂತ ಗಿರಾಕಿ

ಹಣಕಾಸು ಕಚೇರಿಯ ಸಾಲ ವಿಭಾಗದ ಮುಖ್ಯಸ್ಥೆಗೆ ಜೊತೆಯವರು ಇಟ್ಟ ಹೆಸರು ಇಕ್ಕಳ. ಹಿಡಿದರೆ ಬಿಡುವುದಿಲ್ಲ ಅಂತ. ಹೆಸರು ಅವಳ ಕಿವಿಗೂ ಬಿದ್ದಿತ್ತು. ಚಮಚ ಅನ್ನಿಸಿಕೊಳ್ಳುವುದಕ್ಕಿಂತ ಇದು ವಾಸಿ ಎಂದು ಸುಮ್ಮನಿದ್ದಳು.

ಆ ವಾರ ಇಕ್ಕಳಕ್ಕೆ ಸಿಕ್ಕಿಬಿದ್ದದ್ದು ಒಂದು ಷರತ್ತು. ಹೊಳೆ ದಾಟಿಸುವ ಸರ್ಕಾರಿ ದೋಣಿಗಳು ಹಳತಾಗಿದ್ದವು. ಹೊಸ ಯಂತ್ರದೋಣಿ ಆರು ಕೊಳ್ಳಲು ಬೇರೊಂದು ದೇಶದ ಸರ್ಕಾರ ಸಾಲ ಕೊಡಲು ಒಪ್ಪಿತ್ತು. ಆದರೆ ಸಾಲ ತೀರುವವರೆಗೆ ಆ ದೋಣಿಗಳ ರಿಪೇರಿಯನ್ನು ತಮ್ಮ ದೇಶದ ಕಂಪನಿಯೇ ಮಾಡಬೇಕು ಎಂದು ಕರಾರಿನ ಕರಡಿನಲ್ಲಿ ಬರೆದಿತ್ತು. ಸಾಲ ತೀರಲು ಹದಿನೈದು ವರ್ಷ. ಅಷ್ಟರಲ್ಲಿ ದಡದ ಮೇಲಿನ ರಿಪೇರಿ ಶೆಡ್ಡಿಗೆ ಬೀಗ ಬಿದ್ದು, ಅಲ್ಲಿನ ಕೆಲಸಗಾರರು ಚದುರಿ, ಅವರ ಕೈಯಲ್ಲಿರುವ ವಿದ್ಯೆಯೂ ಹೋಗಿರುತ್ತದೆ. ಆಮೇಲೆ ಒಂದು ಬೋಲ್ಟು ಸಡಿಲವಾದರೂ ಸಮುದ್ರದ ಆಚೆ ನೋಡುತ್ತ ಕೂರಬೇಕು.

ಒಂದು ಕಾಲಕ್ಕೆ ಆ ದೇಶ ಪುಕ್ಕಟೆ ಕೊಡುತ್ತಿತ್ತು. ಆಮೇಲೆ ಸಾಲ ಅಂದಿತು, ಆದರೆ ಬಡ್ಡಿ ಹೆಸರಿಗೆ ಮಾತ್ರ. ಮೊಮ್ಮಕ್ಕಳ ಕಾಲದಲ್ಲಿ ತೀರಿಸಿದರೂ ನಡೆಯುತ್ತಿತ್ತು. ಈಗ ಪೇಟೆಯ ಬಡ್ಡಿ. ಹೊರಗೆ ದರ ಏರಿದರೆ ಇಲ್ಲೂ ಏರುತ್ತದೆ. ಸಾಲ ಮಂಜೂರು ಮಾಡಿದ ಶ್ರಮಕ್ಕೆ ಒಂದು ಶುಲ್ಕ, ನಾವು ಕೊಡದೆ ಹೋದರೆ ಎಂಬ ಭಯಕ್ಕೆ ಒಂದು ವಿಮೆ, ಆ ವಿಮೆಯ ಕಂತೂ ನಮ್ಮದೇ. ಕೊಡುವವರು ಇಷ್ಟು ಬದಲಾದರೂ ಇಸಿದುಕೊಳ್ಳುವವರು ಬದಲಾಗಿರಲಿಲ್ಲ. ಮಾತುಕತೆಗೆ ಮೊದಲು ಅತಿಥಿಗಳಿಗೆ ಊಟ ಹಾಕಿಸಿ, ಕಾರ್ಯದರ್ಶಿ ಎದ್ದು ನಿಂತು ಕೃತಜ್ಞತಾ ಭಾಷಣ ಓದುವುದು ಪುಕ್ಕಟೆ ಕಾಲದ ಪದ್ಧತಿ. ಅದು ಹಾಗೇ ನಡೆದುಕೊಂಡು ಬಂದಿತ್ತು. ಈ ಸಲವೂ ಕಾರ್ಯದರ್ಶಿ ಓದಿದರು: ತಾವು ಕೊಟ್ಟದ್ದಕ್ಕೂ, ಕೊಡಲು ವಿಧಿಸಿದ ಷರತ್ತುಗಳಿಗೂ ನಾವು ಋಣಿಗಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಇಕ್ಕಳ ಮಾತ್ರ ನೀರು ಕುಡಿಯುತ್ತಿದ್ದಳು.

ಮಾರನೆಯ ದಿನ ಮಾತುಕತೆಯ ಕೋಣೆಯಲ್ಲಿ ಅವಳು ರಿಪೇರಿಯ ವಿಷಯ ಎತ್ತಿದಳು. ಆ ದೇಶದ ನಿಯೋಗದ ಮುಖ್ಯಸ್ಥ ಒಳ್ಳೆಯ ಮನುಷ್ಯ, ಕನ್ನಡಕ ಒರೆಸಿಕೊಳ್ಳುತ್ತ ಮಾತಾಡುವವನು. ಇಲ್ಲಿನ ಭಾಷೆಯನ್ನು ಪುಸ್ತಕದಿಂದ ಕಲಿತಿದ್ದ.

"ಮಾನ್ಯರೇ, ನಿನ್ನೆಯ ಭೋಜನದಲ್ಲಿ ತಮ್ಮ ಕಾರ್ಯದರ್ಶಿಗಳು ಷರತ್ತುಗಳಿಗಾಗಿ ಸಾರ್ವಜನಿಕವಾಗಿ ವಂದನೆ ಸಲ್ಲಿಸಿದರು. ಷರತ್ತುಗಳು ಸ್ವೀಕೃತವಾಗಿವೆ ಎಂದು ನಾನು ನಮ್ಮ ರಾಜಧಾನಿಗೆ ತಿಳಿಸಿಬಿಟ್ಟಿದ್ದೇನೆ."

ಕಾರ್ಯದರ್ಶಿಯ ಮುಖ ಸುಟ್ಟ ಬದನೆಕಾಯಿಯಂತಾಯಿತು. ಇಕ್ಕಳ ಒಂದು ದಿನದ ಸಮಯ ಕೇಳಿ ಸಭೆ ಮುಗಿಸಿದಳು.

ಹೊರಗಿನ ಮೊಗಸಾಲೆಯಲ್ಲಿ ಕಾರ್ಯದರ್ಶಿ ಅವಳ ಮೇಲೇ ಹರಿಹಾಯ್ದರು. "ಏನ್ರೀ ನಿಮ್ಮ ತಕರಾರು? ಧರ್ಮಕ್ಕೆ ದಟ್ಟಿ ಕೊಟ್ರೆ ಹಿತ್ತಲಿಗೆ ಹೋಗಿ ಮೊಳ ಹಾಕಿದ್ರಂತೆ!"

"ಧರ್ಮಕ್ಕೆ ಕೊಟ್ಟಿದ್ರೆ ನಾನೂ ಮೊಳ ಹಾಕ್ತಿರ್ಲಿಲ್ಲ ಸರ್. ಇದು ದುಡ್ಡು ಕೊಟ್ಟು ತಗೊಳ್ತಿರೋ ದಟ್ಟಿ. ಹಿತ್ತಲಿಗೆ ಯಾಕೆ ಹೋಗ್ಬೇಕು? ಅವರ ಎದುರಿಗೇ ಮೊಳ ಹಾಕೋಣ."

"ಅವರು ಎದ್ದು ಹೋದ್ರೆ?"

ಅವಳು ಕಡತ ಕಂಕುಳಿಗೆ ಸಿಕ್ಕಿಸಿಕೊಂಡು ಮನೆಗೆ ಹೊರಟಳು.

ಅವಳ ಅತ್ತೆ, ಗಂಡ ಸತ್ತ ಮೇಲೆ, ಬಟ್ಟೆ ಅಂಗಡಿ ನಡೆಸಿ ಮೂರು ಮಕ್ಕಳನ್ನು ದಡ ಸೇರಿಸಿದವಳು. ಸಂಜೆ ಸೊಸೆ ಬಂದು ಕೂತ ರೀತಿ ನೋಡಿ, ಮಡಚುತ್ತಿದ್ದ ಬಟ್ಟೆ ಪಕ್ಕಕ್ಕಿಟ್ಟಳು.

"ಏನೇ, ಮುಖ ಯಾಕೆ ಹಿಂಗೆ ಗಂಟು ಹಾಕ್ಕೊಂಡಿದೀಯ? ನನ್ನ ಮಗ ಏನಾದ್ರೂ ಅಂದ್ನಾ?"

"ಅವರೇನಂತಾರೆ ಅತ್ತೆ, ಬಾಯಿಲ್ಲದ ಪ್ರಾಣಿ." ನಡೆದದ್ದನ್ನೆಲ್ಲ ಹೇಳಿದಳು.

ಅತ್ತೆ ನಕ್ಕಳು. "ನಾನು ಗಲ್ಲಾ ಮುಂದೆ ಕೂತಾಗ ದಿನಾ ನೋಡ್ತಿದ್ದೆ. ಚೌಕಾಸಿ ಮಾಡೋರು ಎದ್ದು ನಿಂತು ಚಪ್ಪಲಿ ಹುಡುಕ್ತಾರೆ ನೋಡು, ಆವಾಗ ಅಂಗಡಿಯೋರ ಜೀವ ಬಾಯಿಗೆ ಬರುತ್ತೆ. ಆದ್ರೆ ಸುಮ್ಮನೆ ನಾಟಕಕ್ಕೆ ಎದ್ದೋರು ಯಾರು, ನಿಜವಾಗ್ಲೂ ಹೋಗೋರು ಯಾರು ಅಂತ ನಂಗೆ ಗೊತ್ತಾಗೋದು."

"ಹೆಂಗೆ?"

"ಹೋಗೋರಿಗೆ ಇನ್ನೊಂದು ಅಂಗಡಿ ಗೊತ್ತಿರುತ್ತೆ ಕಣೇ. ಇಲ್ದೋರು ತಿರುಗಿ ತಿರುಗಿ ನೋಡ್ತಾರೆ."

ಬೆಳಗ್ಗೆ ಇಕ್ಕಳ ಕಚೇರಿಗೆ ಹೋಗಲಿಲ್ಲ. ನೇರ ಹೊಳೆದಡದ ಶೆಡ್ಡಿಗೆ ಹೋದಳು. ಶೆಡ್ಡಿನ ಮೇಸ್ತ್ರಿ ದೋಣಿಯ ಹೊಟ್ಟೆಯಡಿ ಮಲಗಿ ತುಕ್ಕು ಕೆರೆಯುತ್ತಿದ್ದ. ಹಳೆಯ ದೋಣಿಗಳಲ್ಲಿ ಎಷ್ಟನ್ನು ಉಳಿಸಬಹುದು ಎಂದು ಅವಳು ಕೇಳಿದಳು.

"ಎಂಜಿನ್ ಹೊಸದು ಹಾಕಿಸಿದ್ರೆ ಮೂರು ಓಡ್ತವೆ ಮೇಡಮ್ಮಾ. ಉಳಿದವು ತೇಲೋದೇ ದೊಡ್ಡ ಸಂಗತಿ, ದೇವರು ಎತ್ತಿ ಹಿಡ್ಕೊಂಡಿದಾನೆ."

"ಎಷ್ಟು ವರ್ಷ ಓಡ್ತವೆ? ನನ್ನ ಖುಷಿಗೆ ಹೇಳ್ಬೇಡಿ."

ಮೇಸ್ತ್ರಿ ಎದ್ದು ಕೂತು, ಯೋಚಿಸಿ ಹೇಳಿದ. "ಆರು ವರ್ಷ. ಏಳು ಅಂದ್ರೆ ಸುಳ್ಳಾಗುತ್ತೆ."

ಅಲ್ಲಿಂದ ಅವಳು ಊರಿನ ದೊಡ್ಡ ಬ್ಯಾಂಕಿಗೆ ಹೋದಳು. ಸದ್ಯಕ್ಕೆ ಸಾಲುವಷ್ಟು, ಅಂದರೆ ಎರಡು ಹೊಸ ದೋಣಿಗೂ ಮೂರು ಎಂಜಿನ್ನಿಗೂ, ಅವರ ಬಡ್ಡಿ ಎಷ್ಟೆಂದು ಕೇಳಿದಳು. ಹೊರದೇಶದ ಸಾಲಕ್ಕಿಂತ ಕೂದಲೆಳೆಯಷ್ಟು ಹೆಚ್ಚು, ಅಷ್ಟೆ. ವಿಮೆ ಇಲ್ಲ, ಶುಲ್ಕ ಇಲ್ಲ. ಪೇಟೆ ಬಡ್ಡಿಗೆ ಸಾಲ ತರುವವರು ಪೇಟೆ ಸುತ್ತಬೇಕು ಎಂದು ಇಷ್ಟು ದಿನ ಯಾರಿಗೂ ತೋಚಿರಲಿಲ್ಲ. ತನಗೂ ತೋಚಿರಲಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಕಾರ್ಯದರ್ಶಿ ಕೇಳಿಸಿಕೊಂಡು ತಲೆ ಹಿಡಿದುಕೊಂಡರು. "ಆರು ದೋಣಿ ಅಂತ ಮಂತ್ರಿಗಳು ಊರೆಲ್ಲ ಹೇಳಿದಾರೆ. ಎರಡು ಬಂದ್ರೆ ನನ್ನ ತಲೆ ಹೋಗುತ್ತೆ."

"ಆರು ಬಂದು, ಕೆಟ್ಟು ನಿಂತು, ಜನ ದಡದಲ್ಲಿ ಕಾಯ್ತಾ ಕೂತ್ರೆ ಯಾರ ತಲೆ ಹೋಗುತ್ತೆ ಸರ್?"

ಕಾರ್ಯದರ್ಶಿ ಕೆಟ್ಟವರಲ್ಲ. ಇಪ್ಪತ್ತು ವರ್ಷ ಕೈಮುಗಿದು ಕೈಗೆ ಅದೇ ರೂಢಿಯಾಗಿತ್ತು. "ಮಂತ್ರಿಗಳ ಹತ್ರ ನಾನು ಮಾತಾಡ್ತೀನಿ," ಎಂದರು. "ನಿಯೋಗದವರ ಮುಂದೆ ನೀವೇ ಮಾತಾಡಿ. ನಾನು ಬಾಯಿ ಬಿಟ್ರೆ ಮತ್ತೆ ವಂದನೆ ಅಂದ್ಬಿಡ್ತೀನಿ."

ಮಧ್ಯಾಹ್ನ ಮತ್ತದೇ ಕೋಣೆ. ನಿಯೋಗದ ಮುಖ್ಯಸ್ಥ ಕನ್ನಡಕ ಒರೆಸಿಕೊಂಡ. ಇಕ್ಕಳ ಸುತ್ತು ಬಳಸಲಿಲ್ಲ.

"ನಿಮ್ಮ ಬಡ್ಡಿ ನಮಗೆ ಒಪ್ಪಿಗೆ. ಶುಲ್ಕವೂ ಒಪ್ಪಿಗೆ. ರಿಪೇರಿ ಮಾತ್ರ ನಮ್ಮ ಶೆಡ್ಡಲ್ಲೇ ಆಗ್ಬೇಕು."

"ಆದರೆ ವಂದನೆ ಸಲ್ಲಿಸಿಯಾಗಿದೆಯಲ್ಲ."

"ಸಲ್ಲಿಸಿದ್ದು ಊಟದ ಮನೇಲಿ. ಸಹಿ ಹಾಕೋದು ಇಲ್ಲಿ. ನೀವು ಪುಕ್ಕಟೆ ಕೊಡ್ತಿದ್ದಾಗ ಹೇಳಿಕೊಟ್ಟ ಪಾಠ ನಾವು ಮರೀದೆ ಒಪ್ಪಿಸಿದ್ವಿ, ಅದು ನಮ್ಮ ತಪ್ಪು. ಈಗ ನೀವು ವ್ಯಾಪಾರಕ್ಕೆ ಬಂದಿದೀರಿ. ಸಂತೋಷ. ನಾವೂ ವ್ಯಾಪಾರಕ್ಕೇ ಬಂದಿದೀವಿ."

"ಈ ಷರತ್ತಿಲ್ಲದೆ ಸಾಲ ನೀಡುವ ಅಧಿಕಾರ ನನಗಿಲ್ಲ."

"ಹಾಗಾದ್ರೆ ಸಾಲ ಬೇಡ." ಅವಳು ಎದ್ದಳು. ಚೀಲ ಹೆಗಲಿಗೇರಿಸಿದಳು. ಕಾಲಿಗೆ ದಾರಿ ಗೊತ್ತಿತ್ತು. ಬಾಗಿಲ ತನಕ ಹೋದಳು, ಬಾಗಿಲು ದಾಟಿದಳು, ತಿರುಗಿ ನೋಡಲಿಲ್ಲ. ಹಿಂದೆ ಕುರ್ಚಿ ಸರಿದ ಸದ್ದು ಕೇಳಿಸಿತು. ಎದ್ದು ಬಂದವರು ಕಾರ್ಯದರ್ಶಿ.

"ಕರೀಲಿಲ್ಲ ಕಣ್ರೀ," ಎಂದರು ಏದುಸಿರು ಬಿಡುತ್ತ.

"ಕರೀದಿದ್ರೆ ಬ್ಯಾಂಕಿಗೆ ಹೋಗೋಣ ಸರ್."

ಆ ದಿನ ಕರೆಯಲಿಲ್ಲ. ಮರುದಿನವೂ ಇಲ್ಲ. ಕಚೇರಿಯಲ್ಲಿ ಕೆಲವರು ಇಕ್ಕಳವನ್ನು ನೋಡಿ ಗೋಡೆ ಕಡೆ ಮುಖ ತಿರುಗಿಸಿದರು. ಅವಳು ಬ್ಯಾಂಕಿನ ಕಾಗದ ಸಿದ್ಧಪಡಿಸುತ್ತ ಕೂತಳು. ಕೆಲಸ ನಿಜವಾದದ್ದು, ಯಾರಿಗೂ ತೋರಿಸಲಿಕ್ಕಲ್ಲ. ವಾರದ ಕೊನೆಗೆ ನಿಯೋಗದ ಮುಖ್ಯಸ್ಥ ತಾನೇ ಬಂದ. ಅವರ ದೇಶದ ದೋಣಿ ಕಾರ್ಖಾನೆಗೂ ಗಿರಾಕಿ ಬೇಕಾಗಿತ್ತೆಂದು ಕಾಣುತ್ತದೆ.

"ಮೊದಲ ಎರಡು ವರ್ಷ ನಮ್ಮ ಕಂಪನಿ," ಎಂದ. "ಅನಂತರ ತಮ್ಮ ಶೆಡ್ಡು. ಆದರೆ ಆರು ದೋಣಿಗೆ ಅನುಮತಿ ಇಲ್ಲ, ನಾಲ್ಕಕ್ಕೆ ಮಾತ್ರ."

"ಆ ಎರಡು ವರ್ಷದಲ್ಲಿ ನಮ್ಮವರು ನಿಮ್ಮ ಕಾರ್ಖಾನೇಲಿ ಕೆಲಸ ಕಲೀಬೇಕು. ಖರ್ಚು ನಿಮ್ಮದು. ಅದನ್ನೂ ಬರೀರಿ."

ಅವನು ನಕ್ಕ. "ತಾವು ತುಂಬ ಕಠಿಣರು." ಬರೆದುಕೊಂಡ.

ಸಹಿಯಾದ ಸಂಜೆ ಅವಳು ಶೆಡ್ಡಿಗೆ ಹೋಗಿ ಹೇಳಿದಳು. ಮೇಸ್ತ್ರಿಗೆ ಪೂರ್ತಿ ಸಮಾಧಾನವಾಗಲಿಲ್ಲ.

"ಎರಡು ವರ್ಷ ನಾವೇನು ನೊಣ ಹೊಡೀತಾ ಕೂರೋದಾ?"

"ಆರು ತುಂಬಿಸೋಕೆ ಹಳೇ ಎರಡು ದೋಣಿಗೆ ಎಂಜಿನ್ ಹಾಕೋದು ಯಾರು, ನಿಮ್ಮ ಮಾವನಾ? ಅದಕ್ಕೆ ಬ್ಯಾಂಕು ದುಡ್ಡು ಕೊಡುತ್ತೆ. ಮತ್ತೆ ನಿಮ್ಮಲ್ಲಿ ನಾಲ್ಕು ಜನ ಅವರ ಕಾರ್ಖಾನೆಗೆ ಹೋಗಿ ಕಲೀಬೇಕು."

"ಹುಡುಗರನ್ನ ಕಳಿಸೋಣ."

"ಹುಡುಗರು ಕಲಿತು ಅಲ್ಲೇ ಉಳ್ಕೊಂಡ್ರೆ? ಮೊದಲನೇ ಹೆಸರು ನಿಮ್ದು ಬರೆದಿದೀನಿ."

"ಅಯ್ಯೋ, ಈ ವಯಸ್ಸಲ್ಲಿ ವಿಮಾನಾನಾ? ನಂಗೆ ಏಣಿ ಹತ್ತಿದ್ರೇ ತಲೆ ತಿರುಗುತ್ತೆ!"

"ಕಿಟಕಿ ಪಕ್ಕ ಕೂರ್ಬೇಡಿ," ಎಂದಳು ಇಕ್ಕಳ. "ಸೋಮವಾರ ಪಾಸ್‌ಪೋರ್ಟಿಗೆ ಫೋಟೋ ತೆಗೆಸ್ಕೊಂಡು ಬನ್ನಿ. ಗಡ್ಡ ಹೆರೆಸಿ."